ಗಂಟಲಿಗೆ ತಕ್ಕ ಶ್ರುತಿ ಹುಡುಕುವ ಪೆಟ್ಟಿಗೆಯಮ್ಮ

ಬೆಳಗಿನ ಐದೂಮುಕ್ಕಾಲು. ಬಡಾವಣೆಯ ಸಮುದಾಯ ಭವನದ ಪಕ್ಕದ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು, ಅದೂ ಮಿಟುಕುತ್ತಿದೆ. ಗೋಡೆಗೆ ಒರಗಿಸಿಟ್ಟ ಮಡಿಸುವ ಕುರ್ಚಿಗಳು, ಮೂಲೆಯಲ್ಲಿ ಯಾವುದೋ ಹಳೆಯ ನಾಟಕದ ರಟ್ಟಿನ ಮರ. ನೆಲಕ್ಕೆ ಹಾಸಿದ ಬೆಡ್‌ಶೀಟಿನ ಮೇಲೆ ಒಂದು ಹಾರ್ಮೋನಿಯಂ. ಅದರ ಹಿಂದೆ ಸ್ವೆಟರ್ ತೊಟ್ಟು, ಕಿವಿ ಮುಚ್ಚುವಂತೆ ಸ್ಕಾರ್ಫ್ ಬಿಗಿದು ಕೂತಿರುವ ಐವತ್ತೆಂಟರ ಹೆಂಗಸು. ಎಡಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿದೆ. ಪೆಟ್ಟಿಗೆಗೆ ಗಾಳಿ ತುಂಬುವ ತಿದಿ ಒತ್ತಬೇಕಾದದ್ದು ಆ ಕೈಯಿಂದಲೇ, ಒತ್ತುತ್ತಿದ್ದಾರೆ.

ಎದುರಿಗೆ ಶಾಲೆಯ ಚೀಲ ಬೆನ್ನಿಗೇರಿಸಿಕೊಂಡೇ ಬಂದ ಏಳು ಮಕ್ಕಳು, ಕೆಲಸಕ್ಕೆ ಹೊರಟ ಬಟ್ಟೆಯಲ್ಲಿ ನಾಲ್ವರು ದೊಡ್ಡವರು. ಮೊದಲ ಸಾಲಿನ ಹುಡುಗಿ ಬಾಯಗಲಿಸಿ ಆಕಳಿಸುತ್ತಾಳೆ. ‘ಆಕಳಿಸೋದಾದ್ರೆ ಶ್ರುತೀಲಿ ಆಕಳಿಸೇ ನನ್ನ ತಾಯಿ, ಅದೂ ಅಭ್ಯಾಸಕ್ಕೇ ಸೇರತ್ತೆ,’ ಎನ್ನುತ್ತಾರೆ ಹೆಂಗಸು. ನಗು ಮುಗಿಯುವ ಮೊದಲೇ ಪೆಟ್ಟಿಗೆ ನುಡಿಯುತ್ತದೆ, ಹನ್ನೊಂದು ಕಂಠಗಳು ಅದನ್ನು ಹಿಂಬಾಲಿಸುತ್ತವೆ. ಕಿಟಕಿಯಾಚೆ ಹಾಲಿನವನು ಸೈಕಲ್ ನಿಲ್ಲಿಸಿ ಒಂದು ಚರಣ ಕೇಳಿಸಿಕೊಂಡು ಮುಂದೆ ಹೋಗುತ್ತಾನೆ.

ಈ ಹನ್ನೊಂದು ಮಂದಿಯನ್ನು ಒಂದು ತಿಂಗಳ ಹಿಂದೆ ಇದೇ ಭವನ ‘ಹಾಡಲು ಬಾರದವರು’ ಎಂದು ವಾಪಸು ಕಳಿಸಿತ್ತು. ಈಗ ಇವರು ಬಡಾವಣೆಯ ಹವ್ಯಾಸಿ ತಂಡದ ಸಂಗೀತ ನಾಟಕದಲ್ಲಿ ಹಾಡುವವರು. ನಡುವೆ ನಡೆದದ್ದನ್ನು ಹೇಳಲೇಬೇಕು, ಯಾಕೆಂದರೆ ನಾಟಕದ ಪೋಸ್ಟರಿನಲ್ಲಿ ಅದಿಲ್ಲ. ಅಲ್ಲಿ ನಿರ್ದೇಶಕರಿದ್ದಾರೆ, ಅಧ್ಯಕ್ಷರಿದ್ದಾರೆ, ಸ್ಪೀಕರ್ ಬಾಡಿಗೆಗೆ ಕೊಟ್ಟವರು ದಪ್ಪಕ್ಷರದಲ್ಲಿದ್ದಾರೆ. ಹತ್ತೊಂಬತ್ತು ವರ್ಷದಿಂದ ತಂಡದ ಆಡಿಷನ್ನುಗಳಿಗೆ ಹಾರ್ಮೋನಿಯಂ ನುಡಿಸಿದ ಈ ಹೆಂಗಸು ಇಲ್ಲ. ಹಿಂದಿನ ಹದಿನೆಂಟು ಪೋಸ್ಟರುಗಳಲ್ಲೂ ಇರಲಿಲ್ಲ. ಬಡಾವಣೆಯ ಮಕ್ಕಳಿಗೆ ಮಾತ್ರ ಅವರು ಗೊತ್ತು, ಪೆಟ್ಟಿಗೆಯಮ್ಮ ಎಂದು.

ಪೆಟ್ಟಿಗೆಯಮ್ಮನ ಹೊಟ್ಟೆಪಾಡಿನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ಎಂಟು ಗಂಟೆಗೆ ಪಾಳಿ ಶುರು. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಬೆಡ್‌ಶೀಟುಗಳನ್ನು ಬಿಸಿ ರೋಲರಿಗೆ ಕೊಟ್ಟು, ಹಿಡಿದು, ಮಡಿಸಿ ಜೋಡಿಸಬೇಕು. ಮಣಿಕಟ್ಟು ಊದಿಕೊಂಡದ್ದು ಅಲ್ಲಿಯೇ. ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಎಂದಿದ್ದಾರಂತೆ. ‘ಯಾವ ಕೈಗೆ ಅಂತ ಕೇಳ್ದೆ. ಎಡಗೈಗೆ ಅಂದ್ರು. ಬಲಗೈಲಿ ನುಡಿಸ್ತೀನಿ, ಬಾಯಲ್ಲಿ ಗಾಳಿ ಊದ್ಲಾ ಡಾಕ್ಟ್ರೇ ಅಂದೆ. ಆಮೇಲೆ ಅವ್ರು ಮಾತ್ರೆ ಮಾತ್ರ ಬರೆದ್ರು.’

ಅವರ ಗಂಡ ಲಿಫ್ಟ್ ರಿಪೇರಿ ಮಾಡುವವರು, ಮಿತಭಾಷಿ. ಆದರೆ ಆಡಿದ ಮಾತು ಬಿಡುವಂಥದ್ದಲ್ಲ. ‘ಮದ್ವೇಲಿ ಇಬ್ರನ್ನ ಮನೆ ತುಂಬಿಸ್ಕೊಂಡೆ ನೋಡಿ. ಒಬ್ಳು ಇವ್ಳು, ಇನ್ನೊಂದು ಆ ಪೆಟ್ಟಿಗೆ. ಎರಡಕ್ಕೂ ಉಸಿರು ಸಾಕಾಗೋದು ಅಂತಿಲ್ಲ,’ ಎನ್ನುತ್ತಾರೆ. ಹೆಂಡತಿಗೆ ಕೈನೋವು ಹೆಚ್ಚಾದಾಗಿನಿಂದ ಬೆಳಗಿನ ಜಾವ ಆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತರುವವರು ಇವರೇ.

ಹಾರ್ಮೋನಿಯಂ ಪೆಟ್ಟಿಗೆಯಮ್ಮನ ಅಪ್ಪನ ಮನೆಯಿಂದ ಬಂದದ್ದು. ಅಪ್ಪ ಹಾರ್ಮೋನಿಯಂಗಳನ್ನು ರಿಪೇರಿ ಮಾಡುತ್ತಿದ್ದವರು. ಹತ್ತನೆಯ ವಯಸ್ಸಿನಲ್ಲಿ ಮಗಳು ಶಾಲೆಯ ನಾಟಕಕ್ಕೆ ಹಾಡಲು ಹೋದಳು. ಮೇಷ್ಟರು ಎಲ್ಲರಿಗೂ ಒಂದೇ ಶ್ರುತಿ ಹಿಡಿಸಿದರು. ಇವಳ ದನಿ ಕೆಳಗೆ ಎಟುಕದೆ ಗಾಳಿಯಾಯಿತು. ‘ನಿನ್ನದು ಹಾಡೋ ಗಂಟಲಲ್ಲಮ್ಮ’ ಎಂದರು. ಮನೆಗೆ ಬಂದು ಅತ್ತಾಗ ಅಪ್ಪ ಪೆಟ್ಟಿಗೆ ತೆರೆದು ಒಂದೊಂದೇ ಮನೆ, ಅಂದರೆ ಕಪ್ಪು-ಬಿಳಿ ಕೀಲಿ, ಒತ್ತುತ್ತ ಹೋದರಂತೆ. ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು... ಕಪ್ಪು ಐದಕ್ಕೆ ಬಂದಾಗ ಮಗಳ ದನಿ ನೆಟ್ಟಗೆ ನಿಂತಿತು. ‘ನಿನ್ನ ಮನೆ ಇದು ಮಗಳೇ. ಅವ್ರು ನಿನ್ನನ್ನ ಯಾರದೋ ಮನೇಲಿ ನಿಲ್ಸಿ ಹಾಡ್ಸಿದ್ದಾರೆ,’ ಎಂದರು ಅಪ್ಪ. ಅಷ್ಟರಲ್ಲಿ ನಾಟಕದ ಪಾತ್ರಗಳು ಹಂಚಿ ಹೋಗಿದ್ದವು.

ಅಲ್ಲಿಂದ ಕಲಿತ ವಿದ್ಯೆ ಇವರದು. ಆಡಿಷನ್ನಿಗೆ ಬಂದ ಮಗುವನ್ನು ಎದುರು ನಿಲ್ಲಿಸಿಕೊಂಡು, ‘ನಿಮ್ಮಮ್ಮ ಆ ಬೀದಿ ತುದೀಲಿದ್ದಾಳೆ, ಕೂಗು’ ಎನ್ನುತ್ತಾರೆ. ಮಗು ‘ಅಮ್ಮಾ’ ಎಂದರೆ ಸಾಕು, ಬೆರಳು ಸರಿಯಾದ ಮನೆಯ ಮೇಲಿರುತ್ತದೆ. ‘ದೊಡ್ಡೋರಿಗೆ ಕೂಗೋಕೆ ನಾಚಿಕೆ. ಅವ್ರಿಗೆ ಫೋನಲ್ಲಿ ಹಲೋ ಅನ್ನಿ ಅಂತೀನಿ. ಆಫೀಸಿನ ಹಲೋ ಬೇಡ, ತಂಗಿ ಫೋನ್ ಮಾಡ್ದಾಗ ಅನ್ನೋ ಹಲೋ.’ ಅವರ ಲೆಕ್ಕದಲ್ಲಿ ಈವರೆಗೆ ಸಾವಿರದ ಎಂಟುನೂರು ಕಂಠಗಳು ಈ ಪೆಟ್ಟಿಗೆಯ ಮುಂದೆ ಹಾದುಹೋಗಿವೆ. ಹೆಸರು ನೆನಪಿರುವುದಿಲ್ಲ, ಶ್ರುತಿ ನೆನಪಿರುತ್ತದೆ. ಬಸ್ಸಿನಲ್ಲಿ ಸಿಕ್ಕ ಬ್ಯಾಂಕ್ ಉದ್ಯೋಗಿಯೊಬ್ಬಳನ್ನು ‘ನೀನು ಬಿಳಿ ಆರು ಅಲ್ವೇನೇ?’ ಎಂದು ತಡೆದಿದ್ದರಂತೆ. ಸುತ್ತಲಿದ್ದವರು ಬಸ್ಸಿನ ನಂಬರು ಇರಬೇಕು ಎಂದುಕೊಂಡರು.

ಇಂಥವರನ್ನು ಹೋದ ತಿಂಗಳ ಆಡಿಷನ್ ದಿನ ಬಾಗಿಲಲ್ಲಿ ಕೂರಿಸಿ, ಬಂದವರ ಅಂಗಿಗೆ ನಂಬರು ಚೀಟಿ ಚುಚ್ಚಲು ಹೇಳಲಾಯಿತು.

ಈ ವರ್ಷ ಹೊರಗಿನಿಂದ ಕರೆಸಿದ ನಿರ್ದೇಶಕರು ಹಾಡಿನ ವಾದ್ಯಭಾಗವನ್ನು ಮೊದಲೇ ರೆಕಾರ್ಡ್ ಮಾಡಿಸಿ ತಂದಿದ್ದರು. ಸ್ಪೀಕರಿನಲ್ಲಿ ಅದು ನುಡಿಯುತ್ತದೆ, ಬಂದವರು ಅದರ ಜೊತೆ ಹಾಡಬೇಕು. ಶ್ರುತಿ ಕಪ್ಪು ಎರಡು, ಆರರ ಮಗುವಿಗೂ ಅರವತ್ತರ ಅಜ್ಜಿಗೂ. ‘ಎಲ್ಲರಿಗೂ ಒಂದೇ ಅಳತೆ, ಪಕ್ಷಪಾತದ ಮಾತೇ ಇಲ್ಲ’ ಎಂದು ತಂಡದ ಕಾರ್ಯದರ್ಶಿ ಪತ್ರಿಕೆಗೆ ಬರೆಯಲು ಬಂದ ನನಗೂ ಹೆಮ್ಮೆಯಿಂದ ಹೇಳಿದರು. ಇದಕ್ಕೆ ಪೆಟ್ಟಿಗೆಯಮ್ಮನ ಉತ್ತರ: ‘ಎಲ್ರಿಗೂ ಏಳನೇ ನಂಬರಿನ ಚಪ್ಪಲಿ ಕೊಟ್ಟು ಓಡಿ ಅಂದ್ರೆ, ಅದು ಓಟದ ಪರೀಕ್ಷೆನಾ, ಚಪ್ಪಲಿ ಪರೀಕ್ಷೆನಾ?’

ಅಂದು ಬಂದವರು ನೂರ ಹನ್ನೆರಡು ಮಂದಿ. ಎಪ್ಪತ್ತೊಂದು ಮಕ್ಕಳು, ನಲವತ್ತೊಂದು ದೊಡ್ಡವರು. ಮಧ್ಯಾಹ್ನದ ಹೊತ್ತಿಗೆ ಅರವತ್ತನಾಲ್ಕು ಜನ ಹಾಡಿದ್ದರು, ಆಯ್ಕೆಯಾದವರು ಒಂಬತ್ತು. ಬಾಗಿಲಲ್ಲಿ ಕೂತ ಪೆಟ್ಟಿಗೆಯಮ್ಮನಿಗೆ ಒಳಗಿನದೆಲ್ಲ ಕೇಳುತ್ತಿತ್ತು. ಮಗು ಹಾಡು ಎತ್ತುತ್ತದೆ, ಎರಡನೇ ಸಾಲಿಗೆ ದನಿ ತಳಕ್ಕೆ ಬಿದ್ದು ಮುಳುಗುತ್ತದೆ, ‘ಸಾಕು, ಮುಂದಿನವರು’ ಎಂಬ ಕೂಗು. ಅಳುತ್ತ ಹೊರಬಂದ ಮಕ್ಕಳ ಅಂಗಿಯಿಂದ ನಂಬರು ಚೀಟಿ ಬಿಚ್ಚಬೇಕಾದವರೂ ಅವರೇ. ‘ಪಿನ್ನು ಚುಚ್ಚಿದ್ದು ಅಂಗಿಗೆ. ಆದ್ರೆ ತೆಗೀವಾಗ ನನಗೆ ಹಾಗೆ ಅನ್ಸಲಿಲ್ಲ.’

ಅರವತ್ತೈದು ಮತ್ತು ಅರವತ್ತಾರನೆಯವರು ಅಪ್ಪ-ಮಗಳು. ಅಪ್ಪ ಪ್ಲಂಬರ್, ದನಿ ಬಾವಿಯೊಳಗಿನಿಂದ ಬಂದಂತೆ. ಮಗಳಿಗೆ ಒಂಬತ್ತು. ನಾಟಕದಲ್ಲಿ ತಂದೆ-ಮಗಳ ಜೋಡಿಗೀತೆಯೊಂದಿದೆ ಎಂದು ತಿಳಿದು ಹದಿನೈದು ದಿನ ಮನೆಯಲ್ಲಿ ಹಾಡಿಕೊಂಡು ಬಂದಿದ್ದರು. ಸ್ಪೀಕರಿನ ಶ್ರುತಿಗೆ ಅಪ್ಪನ ದನಿ ಮೇಲೆ ಹೋಗಿ ಒಡೆಯಿತು, ಮಗಳದು ಕೆಳಗೆ ಇಳಿದು ಕಳೆದುಹೋಯಿತು. ಯಾರೋ ಕಿಸಕ್ಕನೆ ನಕ್ಕರು. ಹೊರಗೆ ಬಂದ ಮೇಲೆ ಮಗಳು ಅಪ್ಪನ ಮುಖ ನೋಡದೆ, ‘ನೀನು ಬರಬಾರ್ದಿತ್ತಪ್ಪ’ ಎಂದಳು. ಪ್ಲಂಬರ್ ನನಗೆ ಇದನ್ನು ಹೇಳುವಾಗ ಕೈಲಿದ್ದ ಸ್ಪ್ಯಾನರನ್ನು ತಿರುಗಿಸುತ್ತಲೇ ಇದ್ದರು. ‘ಅವ್ಳು ಹೇಳಿದ್ದು ಸರಿ ಅಂತ ನಾನೂ ನಂಬಿಬಿಟ್ಟೆ ಮೇಡಂ.’

ಪೆಟ್ಟಿಗೆಯಮ್ಮ ನಂಬಲಿಲ್ಲ. ಪಿನ್ನಿನ ಡಬ್ಬಿಯನ್ನು ಪಕ್ಕದವರ ಕೈಗಿಟ್ಟು ಬೆಳಿಗ್ಗೆ ತಂದು ಸಾಮಾನಿನ ಕೋಣೆಯಲ್ಲಿಟ್ಟಿದ್ದ ಪೆಟ್ಟಿಗೆಯನ್ನು ಎಳೆದು ತಂದರು. ಮೊಗಸಾಲೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೇ ಕೂತರು. ‘ಬನ್ನಿ ಇಲ್ಲಿ ಇಬ್ರೂ.’ ಅಪ್ಪನಿಗೆ ಹಲೋ ಅನ್ನಿಸಿದರು: ಬಿಳಿ ಒಂದು. ಮಗಳ ಕೈಲಿ ಅಮ್ಮನನ್ನು ಕೂಗಿಸಿದರು: ಬಿಳಿ ಐದು. ಅಪ್ಪನ ಪಂಚಮವೇ ಮಗಳ ಷಡ್ಜ. ಅಪ್ಪನ ಸಾಲು ಎಲ್ಲಿಗೆ ಏರಿ ನಿಲ್ಲುತ್ತದೋ ಅಲ್ಲಿಂದ ಅವಳು ಎತ್ತಿಕೊಂಡರಾಯಿತು. ಹಾಡಿಸಿದರು. ವಾಪಸು ಹೊರಟಿದ್ದ ತಾಯಂದಿರು ಮಕ್ಕಳ ಕೈ ಹಿಡಿದು ತಿರುಗಿ ಬಂದರು.

ಬಾಗಿಲು ತೆರೆಯಿತು. ‘ಏನಮ್ಮ ಇದು ಗಲಾಟೆ? ಒಳಗೆ ಆಡಿಷನ್ ನಡೀತಿದೆ,’ ಎಂದರು ನಿರ್ದೇಶಕರು.

‘ಇಲ್ಲೂ ಅದೇ ನಡೀತಿದೆ ಸಾರ್. ಒಂದ್ಸಲ ಕೇಳಿ.’

‘ನಿಮ್ಮ ಕೆಲಸ ಚೀಟಿ ಕೊಡೋದು. ಮುಂಚೆ ಆದ್ರೂ ಏನಿತ್ತು, ಮನೆ ಒತ್ತೋದು ತಾನೇ?’

‘ಹೌದು ಸಾರ್, ಒತ್ತೋದೇ. ಎಲ್ಲಿ ಒತ್ಬೇಕು ಅಂತ ಗೊತ್ತಾಗೋಕೆ ನಲವತ್ತೆಂಟು ವರ್ಷ ಹಿಡೀತು.’

ನಿರ್ದೇಶಕರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಪೆಟ್ಟಿಗೆ ಒಳಗಿಡಿ ಎಂದರು. ಆಗ ಮೊಗಸಾಲೆಯ ಜನ ಅಲುಗಾಡಲಿಲ್ಲ. ಮಗಳನ್ನು ಕಳೆದ ವರ್ಷ ಇದೇ ವೇದಿಕೆಯಲ್ಲಿ ಹಾಡಿಸಿದ್ದ ತಾಯಿಯೊಬ್ಬರು, ‘ಹೋದ ವರ್ಷ ಹಾಡಿದ ಗಂಟಲು ಈ ವರ್ಷ ಕೆಟ್ಟುಹೋಯ್ತಾ? ಉತ್ತರ ಕೊಡಿ,’ ಎಂದು ಬಾಗಿಲಿಗೆ ಅಡ್ಡ ನಿಂತರು. ಅರ್ಧ ಗಂಟೆಯ ಮಾತುಕತೆಯ ನಂತರ, ವಾಪಸು ಕಳಿಸಿದವರಿಗೆಲ್ಲ ಮುಂದಿನ ಭಾನುವಾರ ಹಾರ್ಮೋನಿಯಂ ಜೊತೆಗೆ ಮರುಪರೀಕ್ಷೆ ಎಂದು ಒಪ್ಪಲಾಯಿತು.

ಆ ಭಾನುವಾರ ತಿರುಗಿ ಬಂದವರು ಇಪ್ಪತ್ತೊಂಬತ್ತು ಮಂದಿ. ಹನ್ನೊಂದು ಜನ ಆಯ್ಕೆಯಾದರು. ಪ್ಲಂಬರ್ ಮತ್ತು ಮಗಳಿಗೆ ಜೋಡಿಗೀತೆಯೇ ಸಿಕ್ಕಿತು. ಇದನ್ನು ಸುಖಾಂತ್ಯ ಎಂದು ಬರೆದು ಮುಗಿಸುವ ಆಸೆ ನನಗೂ ಇತ್ತು. ಆದರೆ ಮರುಪರೀಕ್ಷೆಗೆ ಬಾರದೇ ಹೋದವರ ಸಂಗತಿ ಏನು? ಅವರಲ್ಲೊಬ್ಬಳು ಏಳು ವರ್ಷದ ಹುಡುಗಿ. ‘ಸ್ನಾನದ ಮನೇಲಿ ಸದಾ ಹಾಡೋಳು. ಈಗ ನಲ್ಲಿ ಸದ್ದು ಬಿಟ್ರೆ ಏನೂ ಕೇಳ್ಸಲ್ಲ,’ ಎಂದರು ಅವಳ ತಾಯಿ. ಸ್ಪೀಕರಿನ ಒಂದು ಗುಂಡಿ ಅದುಮಿ ಮಗುವಿನ ಬಾಯಿ ಮುಚ್ಚಿಸಿದವರು ಅದನ್ನು ನಿಷ್ಪಕ್ಷಪಾತ ಎಂದು ಕರೆದುಕೊಂಡು ಆರಾಮವಾಗಿದ್ದಾರೆ. ಯಾರೂ ಆ ಮನೆಯ ಬಾಗಿಲು ತಟ್ಟಿಲ್ಲ. ತಟ್ಟಿದವರು ಪೆಟ್ಟಿಗೆಯಮ್ಮ ಒಬ್ಬರೇ, ಎರಡು ಸಲ. ಹುಡುಗಿ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ಸಲ ಹೋಗುವವರಿದ್ದಾರೆ.

ಗೆದ್ದವರಿಗಾದರೂ ಮರ್ಯಾದೆ ಸಿಕ್ಕಿತೇ ಎಂದರೆ ಅದೂ ಇಲ್ಲ. ಸಂಜೆಯ ತಾಲೀಮಿನಲ್ಲಿ ‘ಹಾರ್ಮೋನಿಯಂನವರಿಗೆ’ ಸಮಯವಿಲ್ಲ, ಬೇಕಿದ್ದರೆ ಬೆಳಿಗ್ಗೆ ಬಂದು ಮಾಡಿಕೊಳ್ಳಿ ಎಂದಿದ್ದಾರೆ ನಿರ್ದೇಶಕರು. ಅದಕ್ಕೇ ಈ ಐದೂಮುಕ್ಕಾಲು, ಈ ಮಿಟುಕುವ ದೀಪ. ದೊಡ್ಡ ಸಭಾಂಗಣದ ಬೀಗದ ಕೈ ಕೂಡ ಕೊಟ್ಟಿಲ್ಲ. ಈ ಹೆಂಗಸಿನ ಹುದ್ದೆ ಏನು ಎಂದು ನಾನು ಕಾರ್ಯದರ್ಶಿಯನ್ನು ಕೇಳಿದೆ. ಅವರು ತಲೆ ಕೆರೆದುಕೊಂಡು, ‘ಹೆಲ್ಪರ್ ಅಂತ ಹಾಕ್ಕೊಳ್ಳಿ’ ಎಂದರು. ಹಾಕಿಕೊಳ್ಳುವುದಿಲ್ಲ.

ಏಳೂಕಾಲಿಗೆ ಅಭ್ಯಾಸ ಮುಗಿಯುತ್ತದೆ. ಮಕ್ಕಳು ಶಾಲೆಯ ಕಡೆಗೆ, ದೊಡ್ಡವರು ಬಸ್ ನಿಲ್ದಾಣದ ಕಡೆಗೆ ಓಡುತ್ತಾರೆ. ಪೆಟ್ಟಿಗೆಯಮ್ಮ ಮಣಿಕಟ್ಟಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಗಿಗೊಳಿಸುತ್ತಾರೆ. ಹಾಗಾದರೆ ಪತ್ರಿಕೆಯಲ್ಲಿ ಏನೆಂದು ಬರೆಯಲಿ ಎಂದು ಅವರನ್ನೇ ಕೇಳುತ್ತೇನೆ.

‘ನಾನು ಆಯ್ಕೆ ಮಾಡೋಳಲ್ಲ, ಅದು ದೊಡ್ಡೋರ ಕೆಲಸ. ನನ್ನ ಪೆಟ್ಟಿಗೆ ಮುಂದೆ ನಿಂತು ಎಷ್ಟೋ ಜನ ಸೋತಿದ್ದಾರೆ, ಅದೂ ನಿಜ. ಹಾಡೋಕೆ ಬರದೆ ಸೋತಿದ್ದಾರೆ. ಆದ್ರೆ ಬರೋವ್ರು ಒಬ್ರೂ ನನ್ನಿಂದ ಸೋತಿಲ್ಲ. ಇಷ್ಟೇ ಬರ್ಕೊಳ್ಳಿ.’