ಮಿಲಿಟ್ರಿಯವರ ಮನೆಯವರು

ಆ ಹಿರಿಯಮ್ಮನ ಎಡಹುಬ್ಬಿನ ನಡುವೆ ಹೊಲಿಗೆ ಬಿದ್ದ ಹಳೆಯ ಗಾಯದ ಗುರುತಿತ್ತು. ಹುಬ್ಬು ಅಲ್ಲಿ ಎರಡು ತುಂಡಾಗಿತ್ತು. ಅನುಮಾನ ಬಂದಾಗ ಹೊರಗಿನ ತುಂಡು ಮಾತ್ರ ಮೇಲೇರುತ್ತಿತ್ತು, ಒಳಗಿನದು ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನಿರುತ್ತಿತ್ತು. ಮಂಚೇನಹಳ್ಳಿಯ ನಮ್ಮ ಫೋಟೋ ಫ್ರೇಮಿನ ಅಂಗಡಿಗೆ ಅವರು ಮೊದಲ ಸಲ ಬಂದ ದಿನ ಮೇಲೇರಿದ ಆ ತುಂಡು ಅವರು ಬಸ್ಸು ಹತ್ತುವವರೆಗೂ ಇಳಿಯಲಿಲ್ಲ.

"ಅಂಟು ಯಾವ್ದು ಹಾಕ್ತೀಯಮ್ಮ?" ಎಂದು ಕೇಳಿದರು. ಹೇಳಿದೆ.

"ಹಿಂದ್ಗಡೆ ರೂಮಲ್ಲಿ ಯಾರಿದಾರೆ?"

ಯಾರೂ ಇಲ್ಲ ಎಂದೆ. ನಂಬದೆ ಪರದೆ ಸರಿಸಿ ನೋಡಿ ಬಂದರು. "ಅಂಗಡಿ ಬೀಗದ ಕೈ ಇನ್ಯಾರ ಹತ್ರ ಇರುತ್ತೆ?" ಎಂದಾಗ ನನಗೆ ರೇಗಿತು. ಇವರು ಫ್ರೇಮು ಹಾಕಿಸಲು ಬಂದವರೋ, ಮಹಜರು ನಡೆಸಲು ಬಂದವರೋ? ಅನುಮಾನ ನನಗೇನೂ ಹೊಸದಲ್ಲ. ಬಸ್ ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟವಳು ಯಾರ ಮುಖವನ್ನೂ ಪೂರ್ತಿ ನಂಬುವುದಿಲ್ಲ. ಆದರೆ ಅನುಮಾನ ಪಡುವುದು ನನ್ನ ಕೆಲಸ, ಗಿರಾಕಿಯದಲ್ಲ ಎಂದುಕೊಂಡಿದ್ದೆ.

ಕೊನೆಗೂ ಬಟ್ಟೆಚೀಲದಿಂದ ಒಂದು ಗಂಟು ತೆಗೆದರು. ಮೆತ್ತನೆಯ ಹಳೇ ಪಂಚೆಯ ತುಂಡಿನಲ್ಲಿ ಮೆಡಲುಗಳು, ಹೆಗಲ ಮೇಲೆ ಹಾಕುವ ನಕ್ಷತ್ರದ ಪಟ್ಟಿಗಳು, ಟೋಪಿಯ ಬಿಲ್ಲೆಗಳು.

"ಎರಡು ಫ್ರೇಮು. ಒಂದು ಅವ್ರದ್ದು, ಒಂದು ನಂದು. ಎರಡೂ ಒಂದೇ ಅಳತೆ. ಒಂದು ನೂಲೂ ಹೆಚ್ಚು ಕಮ್ಮಿ ಆಗ್ಬಾರ್ದು."

ಆಗಲೇ ನನಗೆ ಗೊತ್ತಾದದ್ದು, ಇಬ್ಬರೂ ಸೇನೆಯಲ್ಲಿದ್ದವರು ಎಂದು. ಯಜಮಾನರು ಸಿಗ್ನಲ್ ವಿಭಾಗದಲ್ಲಿ ಅಧಿಕಾರಿ, ಇವರು ಸೇನಾ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿ. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಅವರ ಊರಿನಲ್ಲಿ ಮಿಲಿಟ್ರಿಯವರು ಅಂದರೆ ಯಜಮಾನರೊಬ್ಬರೇ. ಇವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮಿಲಿಟ್ರಿಯವರ ಮನೆಯವರು ಎಂದು. ನಾನೂ ಹಾಗೆಯೇ ಕೇಳಿದ್ದೆ.

ಅವರು ಒಂದು ವಸ್ತುವನ್ನೂ ನನ್ನ ಅಂಗಡಿಯಲ್ಲಿ ಬಿಟ್ಟು ಹೋಗಲಿಲ್ಲ. ಬೆಳಿಗ್ಗೆ ಗಂಟು ತರುವರು, ಸಂಜೆ ಒಯ್ಯುವರು. ನಡುವೆ ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡುವರು. ನೀರು ಸಹ ಮನೆಯಿಂದ ತಂದದ್ದು. ಮೆಡಲಿನ ರಿಬ್ಬನ್ನಿಗೆ ಅಂಟು ತಾಗಿಸಲು ಬಿಡಲಿಲ್ಲ. ಮಖಮಲ್ ಬಟ್ಟೆಗೆ ಹಿಂದಿನಿಂದ ಹೊಲಿಯಬೇಕು, ಕಾಲಾಂತರದಲ್ಲಿ ದಾರ ಬಿಚ್ಚಬಹುದು, ಅಂಟು ಬಿಚ್ಚಲಾಗದು. ಫಳಫಳ ಹೊಳೆಯಲಿ ಎಂದು ನಾನು ಪಾಲಿಶ್ ಡಬ್ಬಿ ತೆಗೆದಾಗ ಕೈ ಹಿಡಿದೇಬಿಟ್ಟರು.

"ಮುಖ ಉಜ್ಜು, ಅಂಚು ಮುಟ್ಬೇಡ. ಅಂಚಲ್ಲಿ ಹೆಸರು ಕೊರ್ದಿರ್ತಾರೆ ಕಣಮ್ಮ. ಉಜ್ಜಿ ಉಜ್ಜಿ ಅದು ಅಳಿಸ್ಹೋದ್ರೆ, ನಾಳೆ ಯಾರದ್ದು ಅಂತ ಯಾರು ಹೇಳ್ತಾರೆ?"

"ಯಾರು ಕೇಳ್ತಾರಮ್ಮ ಹಾಗೆ?" ಎಂದೆ.

"ಯಾರೂ ಕೇಳಲ್ಲ. ಅದೇ ನಂಗೆ ಭಯ."

ಅವರದೊಂದು ಮಾತಿತ್ತು: "ನೋಡಿ ನಂಬು. ನಂಬಿದ್ಮೇಲೆ ಇನ್ನೊಂದ್ಸಲ ನೋಡು." ಗಾಯದ ಪಟ್ಟಿ ಬಿಚ್ಚಿ ನೋಡದೆ, ವಾಸಿಯಾಗಿದೆ ಅಂದವರ ಮಾತು ಕೇಳಿ ಸುಮ್ಮನಿದ್ದರೆ ಏನಾಗುತ್ತದೆಂದು ವಾರ್ಡುಗಳಲ್ಲಿ ಕಂಡವರು. ನನಗೆ ಅವರ ಮೇಲಿದ್ದ ಸಿಟ್ಟು ಯಾವಾಗ ಇಳಿಯಿತೋ ತಿಳಿಯದು. ಅವರು ಬರದ ದಿನ ಅಂಗಡಿ ಬಿಕೋ ಎನ್ನಲು ಶುರುವಾಯಿತು.

ಹಾಗೆ ಅವರು ಬರದ ಒಂದು ದಿನವೇ ಇನ್ನೊಬ್ಬ ಬಂದ. ಯಜಮಾನರ ತಮ್ಮನ ಮಗ, ತೊಂಡೇಬಾವಿಯಲ್ಲಿ ಇರುವವನು. ಬಾಯಿ ತುಂಬಾ ಅಕ್ಕಾ ಅಕ್ಕಾ ಎಂದ. ಇಷ್ಟು ಸಿಹಿ ಮಾತಾಡುವವರನ್ನು ಕಂಡರೆ ನನಗೆ ಮೊದಲೇ ಆಗದು.

"ಅಕ್ಕಾ, ದೊಡ್ಡಮ್ಮ ಇಲ್ಲಿ ಏನೋ ಫ್ರೇಮು ಮಾಡಿಸ್ತಿದಾರಂತೆ. ಎರಡು ಬೇಡ, ಒಂದೇ ದೊಡ್ಡದು ಮಾಡ್ಬಿಡಿ. ಮೆಡಲ್ಲೆಲ್ಲ ಅದ್ರಲ್ಲೇ ಸೇರ್ಸಿ, ತುಂಬಿದಂಗೆ ಕಾಣುತ್ತೆ. ನಮ್ಮೂರ ಸಮುದಾಯ ಭವನದಲ್ಲಿ ಹಾಕೋಣ ಅಂತ."

ಮೊಬೈಲಿನಲ್ಲಿ ಡಿಸೈನು ತೋರಿಸಿದ. ನಡುವೆ ದೊಡ್ಡಪ್ಪನ ಫೋಟೋ, ಹಿಂದೆ ಬಾವುಟ, ಸುತ್ತ ಮೆಡಲುಗಳು, ಕೆಳಗೆ 'ನಮ್ಮೂರ ಹೆಮ್ಮೆಯ ವೀರಯೋಧ'. ಹೊರಡುವಾಗ ಮೆಲ್ಲಗೆ ಅಂದ: "ದೊಡ್ಡಮ್ಮಂಗೆ ಈಗ್ಲೇ ಹೇಳ್ಬೇಡಿ."

ಹೇಳಬೇಡಿ ಅಂದದ್ದೇ ನನ್ನ ತಲೆ ಕೊರೆಯಿತು. ಮೆಡಲು ಮಾರುವವನಿರಬೇಕು ಎಂದು ಲೆಕ್ಕ ಹಾಕಿದೆ. ಮಾರನೆಯ ದಿನ ಅವರು ಬಂದ ಕೂಡಲೇ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಹುಬ್ಬಿನ ತುಂಡು ಮೇಲೇರಲೇ ಇಲ್ಲ.

"ಮಾರೋನಲ್ಲ ಕಣಮ್ಮ ಅವ್ನು. ಕಳ್ಳ ಆಗಿದ್ರೆ ಹಿಡ್ಕೊಡಬೋದಿತ್ತು. ಗೌರವ ಮಾಡೋಕೆ ಬರೋನನ್ನ ಏನಂತ ಹಿಡ್ಕೊಡ್ಲಿ? ಪಾಪ, ಎಲ್ಲಾ ದೊಡ್ಡಪ್ಪಂದೇ ಅನ್ಕೊಂಡಿದಾನೆ."

ಅವರ ದನಿ ಅಷ್ಟು ಸೋತದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ತಾವು ಕಣ್ಣು ಮುಚ್ಚಿದ ಮೇಲೆ ತಾವು ಮಾಡಿದ ಕೆಲಸವೆಲ್ಲ ಗಂಡನ ಫೋಟೋದ ಸುತ್ತ ಅಲಂಕಾರವಾಗಿಬಿಡುತ್ತದಲ್ಲ ಎಂಬುದು ಅವರ ಚಿಂತೆ. ಗಂಡನನ್ನು ಕಂಡರೆ ಪ್ರಾಣ ಬಿಡುತ್ತಿದ್ದವರು, ಅದು ಬೇರೆ ಮಾತು.

ಅವನನ್ನು ನನ್ನ ಅಂಗಡಿಗೇ ಕರೆಸಿದರು. ಕೈ ಒರೆಸಿಕೊಳ್ಳಲು ಹೇಳಿ, ಒಂದು ಮೆಡಲು ಅಂಗೈಗೆ ಹಾಕಿದರು.

"ಇದ್ಯಾರ್ದು?"

"ದೊಡ್ಡಪ್ಪಂದು."

"ಅಂಚು ಓದು."

ಅವನು ಬಾಗಿಲ ಬೆಳಕಿಗೆ ಹೋಗಿ, ತಿರುಗಿಸುತ್ತಾ ತಿರುಗಿಸುತ್ತಾ ಓದಿದ. ಇನ್ನೊಂದು ಕೊಟ್ಟರು. ಅದನ್ನೂ ಓದಿದ. ಎರಡರಲ್ಲೂ ಇದ್ದದ್ದು ದೊಡ್ಡಮ್ಮನ ಹೆಸರು.

"ನೀವು ನರ್ಸಲ್ವಾ ದೊಡ್ಡಮ್ಮ?"

"ಹೂಂ ಕಣಪ್ಪ, ನರ್ಸೇ. ಗುಂಡು ತಗುಲ್ದೋರು ಬರೋ ಆಸ್ಪತ್ರೇಲಿ. ನಿಮ್ ದೊಡ್ಡಪ್ಪ ಲೆಫ್ಟಿನೆಂಟು ಆಗಿದ್ದಾಗ ನಾನು ಕ್ಯಾಪ್ಟನ್ನು. ಎದುರಿಗೆ ಸಿಕ್ದಾಗೆಲ್ಲ ಅವ್ರೇ ನಂಗೆ ಸೆಲ್ಯೂಟ್ ಹೊಡೀಬೇಕಿತ್ತು. ಹೊಡ್ದೂ ಹೊಡ್ದೂ ಸಾಕಾಗಿ ಮದ್ವೆ ಆದ್ರು."

ಮೂವರೂ ನಕ್ಕೆವು. ನಗು ಮುಗಿಯುವ ಮೊದಲೇ ಅವನು ಒಳ್ಳೆಯ ಮನಸ್ಸಿನಿಂದ ಮತ್ತೊಂದು ಎಡವಟ್ಟು ಮಾಡಿದ. "ಹಂಗಾದ್ರೆ ಎರಡು ಫ್ರೇಮೇ ಇರ್ಲಿ. ದೊಡ್ಡಪ್ಪಂದ್ರ ಕೆಳ್ಗೆ ವೀರಯೋಧ ಅಂತ, ನಿಮ್ದ್ರ ಕೆಳ್ಗೆ ಮಿಲಿಟ್ರಿಯವರ ಮನೆಯವರು ಅಂತ ಬರ್ಸೋಣ. ಜನಕ್ಕೆ ಬೇಗ ಗೊತ್ತಾಗುತ್ತೆ."

ಈಗ ಹುಬ್ಬು ಏರಿತು.

"ನಿನ್ ಹೆಂಡ್ತಿ ಹೊರಗಿನೋರ ಮುಂದೆ ನಿನ್ನ ಏನಂತಾಳೆ?"

"ನಮ್ಮನೆಯವ್ರು ಅಂತಾಳೆ."

"ನೀನು ಅವಳನ್ನ?"

"ನಾನೂ ನಮ್ಮನೆಯವ್ರು ಅಂತೀನಿ."

"ಹಂಗಾದ್ರೆ ಎರಡ್ರ ಕೆಳ್ಗೂ ಅದನ್ನೇ ಬರ್ಸು. ನಾನೂ ಮಿಲಿಟ್ರಿ, ಅವ್ರೂ ಮಿಲಿಟ್ರಿ. ನಾನು ಮಿಲಿಟ್ರಿಯೋರ ಮನೆಯೋಳು, ಅವ್ರು ಮಿಲಿಟ್ರಿಯೋರ ಮನೆಯೋರು. ಯಾರಿಗೂ ಮೋಸ ಇಲ್ಲ."

ಹಾಗೆಯೇ ಬರೆಸಿದೆವು. ಎರಡು ಫ್ರೇಮುಗಳು ಸಮುದಾಯ ಭವನದ ಗೋಡೆಗೆ ಅಕ್ಕಪಕ್ಕ ಹೋದವು. ಯಜಮಾನರ ಫ್ರೇಮಿನ ಕೆಳಗೆ ಅದನ್ನು ಓದಿದವರು ಕಾಗುಣಿತ ತಪ್ಪಾಗಿದೆಯೇನೋ ಎಂಬಂತೆ ನಿಂತು ಮತ್ತೊಮ್ಮೆ ಓದುತ್ತಾರಂತೆ. ಮೊಳೆ ಗಟ್ಟಿಯಿದೆಯೇ ಎಂದು ಇವರು ಆಗಾಗ ಹೋಗಿ ಅಲುಗಾಡಿಸಿ ನೋಡಿ ಬರುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೋ ಬೇಕೆಂದು ಅದೇ ಹುಡುಗ ಬಂದ. ಅವನ ಕೈಯಲ್ಲಿ ಎರಡು ಪಟಗಳಿದ್ದವು. ಒಂದರಲ್ಲಿ ರೇಷ್ಮೆ ಸೀರೆ, ಹಣೆತುಂಬ ಕುಂಕುಮ. ಇನ್ನೊಂದರಲ್ಲಿ ಸಮವಸ್ತ್ರ. ಹಾರ ಹಾಕುವ ಪಟಕ್ಕೆ ನಮ್ಮ ಕಡೆ ಯಾವುದನ್ನು ಆರಿಸುತ್ತಾರೆಂದು ನನಗೆ ಗೊತ್ತು. ಸೀರೆಯದಕ್ಕೆ ನಾನೇ ಕೈ ಚಾಚಿದೆ. ಅವನು ಸಮವಸ್ತ್ರದ್ದನ್ನು ಮುಂದಿಟ್ಟ.

"ಇದನ್ನ ಹಾಕಿ ಅಕ್ಕ. ಹೆಗಲ ಮೇಲಿನ ನಕ್ಷತ್ರ ಕಟ್ ಆಗ್ಬಾರ್ದು."

ನನಗೆ ಅಳು ತಡೆಯಲಾಗಲಿಲ್ಲ. ಅವನೂ ಕಣ್ಣೊರೆಸಿಕೊಂಡ.

ನಮ್ಮ ಅಂಗಡಿಗೆ ಈಗಲೂ ಜೋಡಿಯಾಗಿ ನಿಂತ ಹಳೆಯ ಫೋಟೋಗಳು ಬರುತ್ತವೆ. ಪಕ್ಕದಲ್ಲಿರುವ ಅಮ್ಮನನ್ನು ತೆಗೆದು ಅಯ್ಯನನ್ನು ಮಾತ್ರ ದೊಡ್ಡದು ಮಾಡಿಕೊಡಿ ಅನ್ನುತ್ತಾರೆ. ಮೊದಲು ಸುಮ್ಮನೆ ಮಾಡಿಕೊಡುತ್ತಿದ್ದೆ. ಈಗ ಕಂಪ್ಯೂಟರಿನಿಂದ ಕೈ ತೆಗೆದು ಕೇಳುತ್ತೇನೆ, ಈ ಅಮ್ಮ ಏನು ಕೆಲಸ ಮಾಡ್ತಿದ್ರು ಎಂದು. ಕೆಲವರಿಗೆ ಸಿಟ್ಟು ಬರುತ್ತದೆ. ಬಹಳ ಜನ, ಏನೂ ಇಲ್ಲ, ಸುಮ್ಮನೆ ಮನೇಲಿದ್ರು ಅನ್ನುತ್ತಾರೆ.

ನಾನು ನಂಬುವುದಿಲ್ಲ.