ಬಾಯಿ ತೊಳೆದು ಲೆಕ್ಕ ಹೇಳುತ್ತಿದ್ದವರು

ಸಾರ್ವಜನಿಕರ ದುಡ್ಡಿನ ಮಾತೆತ್ತುವ ಮೊದಲು ಶಿವನಂಜೇಗೌಡರು ಬಾಯಿ ತೊಳೆದುಕೊಳ್ಳುತ್ತಿದ್ದರು. ದವಡೆಯಲ್ಲಿ ಎಲೆಅಡಿಕೆ ಇಲ್ಲದ ಅವರ ಮುಖವನ್ನು ನೋಡಿದವರು ಕಡಿಮೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ತಹಸೀಲ್ದಾರರ ಎದುರಿನಲ್ಲಿ ಕೂಡ ಎಡಗೆನ್ನೆ ಉಬ್ಬಿಕೊಂಡೇ ಇರುತ್ತಿತ್ತು. ಆದರೆ ತಿಂಗಳ ಕೊನೆಯ ಸಂಜೆ ಪಂಚಾಯಿತಿ ಕಚೇರಿಯ ಮುಂದೆ ಮಂಜಣ್ಣನ ಆಟೋ ಬಂದು ನಿಂತಿತೆಂದರೆ, ಅವರು ಜಗಲಿಯ ಅಂಚಿಗೆ ಹೋಗಿ ಉಗುಳಿ, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹೆಗಲ ಟವೆಲಿನಿಂದ ತುಟಿ ಒರೆಸಿಕೊಂಡು ಆಟೋ ಹತ್ತುತ್ತಿದ್ದರು. ಆಟೋದ ಮೇಲೆ ಮೈಕಿನ ಕಹಳೆ. ಬೀದಿ ಬೀದಿಯಲ್ಲಿ ನಿಲ್ಲಿಸಿ, ಆ ತಿಂಗಳು ಪಂಚಾಯಿತಿಗೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಸಾರುತ್ತಿದ್ದರು.

"ಏನ್ ಗೌಡ್ರೇ, ಲೆಕ್ಕ ಓದೋಕೆ ಮಡಿ ಬೇರೆ ಉಟ್ಕೋತೀರಾ?" ಎಂದು ಟೀ ಅಂಗಡಿಯ ರಾಮಣ್ಣ ಕೆಣಕುತ್ತಿದ್ದ.

"ನಿನ್ ಟೀ ಸಾಲದ ಲೆಕ್ಕ ಆದ್ರೆ ಎಂಜಲು ಬಾಯಲ್ಲೇ ಹೇಳ್ತೀನಿ ಕಣ್ಲಾ. ಇದು ಊರಿನ ದುಡ್ಡು."

ಈ ಊರು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ ಇದೆ, ಹೆಸರು ಬರೆಯುವುದಿಲ್ಲ. ಸ್ಥಳೀಯ ಆಡಳಿತದ ಹಣಕಾಸನ್ನು ಕುರಿತ ಸಂಶೋಧನೆಯಿಂದ ನಿವೃತ್ತನಾದ ಮೇಲೆ ನಾನು ಬಂದು ನೆಲೆಸಿದ್ದು ಇಲ್ಲಿ, ನನ್ನ ಹೆಂಡತಿಯ ತವರಿನಲ್ಲಿ. ಸರ್ಕಾರಿ ಕಡತಗಳಲ್ಲಿ 'ಪಾರದರ್ಶಕತೆ' ಎಂಬ ಪದವನ್ನು ಎಷ್ಟೋ ಸಲ ಓದಿದ್ದ ನನಗೆ, ಅದು ಆಟೋದಲ್ಲಿ ಕುಳಿತು ಮನೆ ಬಾಗಿಲಿಗೆ ಬರುವುದನ್ನು ಕಂಡದ್ದು ಇಲ್ಲಿಯೇ ಮೊದಲು.

ಪದ್ಧತಿ ಯಾವಾಗ ಶುರುವಾಯಿತೆಂದು ಕೇಳಿದರೆ ಗೌಡರು, "ಹೊಸ ಪಂಚಾಯ್ತಿ ಬಂದ ದಿನದಿಂದ್ಲೂ ಆಟೋ ಐತೆ" ಎನ್ನುತ್ತಿದ್ದರು. ಇದು ಸರಿಯಲ್ಲ. ಹೊಸ ಕಾಯಿದೆಯ ಪ್ರಕಾರ ಮೊದಲ ಚುನಾವಣೆ ನಡೆದದ್ದು ೧೯೯೩ರ ಕೊನೆಯಲ್ಲಿ. ಮಂಜಣ್ಣ ಆಟೋ ಕೊಂಡದ್ದು ಅದಕ್ಕೂ ಎಷ್ಟೋ ಕಾಲದ ನಂತರ, ಅದನ್ನು ಅವನ ಬಾಯಿಂದಲೇ ಖಚಿತಪಡಿಸಿಕೊಂಡಿದ್ದೇನೆ. ನಡುವಿನ ಅವಧಿಯಲ್ಲಿ ಗೌಡರು ಸೈಕಲ್ಲಿನ ಮೇಲೆ ಹೋಗಿ, ಮೈಕಿಲ್ಲದೆ ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಹಾಗೆ ಕೂಗಬೇಕಾಗಿ ಬಂದದ್ದಕ್ಕೂ ಒಂದು ಹಿನ್ನೆಲೆಯಿದೆ. ಅದಕ್ಕೆ ಮೊದಲು ಊರಿನ ಸುದ್ದಿ ಸಾರುವುದು ಕಾಲೊನಿಯವರ ತಮಟೆಯ ಕೆಲಸವಾಗಿತ್ತು. ಅರಳಿಕಟ್ಟೆಯ ಆಚೆಗಿನ ಆ ಬೀದಿಯ ದಲಿತ ಕುಟುಂಬಗಳು ಬೌದ್ಧ ಧರ್ಮವನ್ನು ಸ್ವೀಕರಿಸಿ, ಮಕ್ಕಳನ್ನು ಓದಿಸಿ, ಒಬ್ಬೊಬ್ಬರಾಗಿ ನೌಕರಿಗೆ ಸೇರಿದ ಮೇಲೆ, ಇನ್ನು ತಮಟೆ ಮುಟ್ಟುವುದಿಲ್ಲವೆಂದು ಹೇಳಿದವು. ಪೇಟೆ ಬೀದಿಯಲ್ಲಿ ದೊಡ್ಡ ಗಲಾಟೆಯಾಯಿತು. ಆಗ ಗೌಡರು ಸಭೆಯ ನಡುವೆ ಎದ್ದು ನಿಂತು ಹೇಳಿದ ಮಾತನ್ನು ಕಾಲೊನಿಯವರು ಬಹುಕಾಲ ನೆನೆಯುತ್ತಿದ್ದರು: "ಲೆಕ್ಕ ನಮ್ದು, ಬಡಿಯೋ ಕೈ ಮಾತ್ರ ಅವ್ರದ್ದಾ? ನಂಗೇನ್ ಬಾಯಿಲ್ವಾ? ನಾಳೆಯಿಂದ ನಾನೇ ಸಾರ್ತೀನಿ." ಅಂದಿನಿಂದ ಅಧ್ಯಕ್ಷರಾಗಿದ್ದಾಗಲೂ ಬರಿಯ ಸದಸ್ಯರಾಗಿದ್ದಾಗಲೂ ಸಾರುವ ಕೆಲಸ ಅವರದೇ ಆಯಿತು. ಜನರು ಅವರನ್ನು ಮೈಕ್ ಗೌಡ್ರು ಎಂದು ಕರೆದರು. ಅವರು ಮೊದಲು ಹೋಗುತ್ತಿದ್ದದ್ದು ಕಾಲೊನಿಗೆ, ಕೊನೆಗೆ ಪೇಟೆ ಬೀದಿಗೆ.

ನನ್ನ ಮನೆಗೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದರು. ಬೇಲೂರಿನ ಕಚೇರಿಗಳಿಗೆ ಬರೆಯಬೇಕಾದ ಪತ್ರಗಳ ಒಕ್ಕಣೆ ನನ್ನದು, ವಾದ ಅವರದು. "ಮೇಲಿನೋರು ಅಧಿಕಾರ ಕೊಟ್ಟಿದ್ದೀವಿ ಅಂತಾರೆ ಸಾರ್. ಕೊಡೆ ಕೊಟ್ಟವ್ರೆ, ಬಟ್ಟೆ ಕೊಟ್ಟಿಲ್ಲ, ಕಡ್ಡಿ ಹಿಡ್ಕೊಂಡು ನಿಂತಿದ್ದೀವಿ" ಎಂದು ನಗುತ್ತಿದ್ದರು. ವಿಕೇಂದ್ರೀಕರಣದ ಬಗ್ಗೆ ಇಷ್ಟು ಚೆನ್ನಾಗಿ ಮಾತನಾಡಬಲ್ಲವರನ್ನು ನಾನು ಸಭೆ ಸೆಮಿನಾರುಗಳಲ್ಲಿ ಕಂಡಿರಲಿಲ್ಲ. ಅವರನ್ನು ಇಷ್ಟಪಟ್ಟೆ, ನಂಬಿದೆ.

ಆಮೇಲೆ ಕೀಲುಜ್ವರ ಬಂತು. ಚಿಕೂನ್‌ಗುನ್ಯ ಎಂಬ ಹೆಸರನ್ನು ನಾವು ಕಲಿತದ್ದು ಆಗಲೇ. ಈಗ ಕೇಳಿದರೆ ಹಲವರು ೨೦೦೫ ಎನ್ನುತ್ತಾರೆ; ನನ್ನ ಹೆಂಡತಿಗೆ ಬೇಲೂರಿನ ವೈದ್ಯರು ಬರೆದುಕೊಟ್ಟ ಔಷಧಿ ಚೀಟಿಯ ಮೇಲಿರುವುದು ೨೦೦೬. ರಾಜ್ಯದ ಉದ್ದಗಲಕ್ಕೂ ಅದು ಹರಡಿದ ವರ್ಷವೂ ಅದೇ. ನಮ್ಮಲ್ಲಿ ಮನೆಗೊಬ್ಬರಂತೆ ಶುರುವಾದದ್ದು, ಮನೆಗೆ ಮನೆಯೇ ಮಲಗುವವರೆಗೆ ಹೋಯಿತು. ಮುದ್ದೆ ತೊಳಸಲು ಕೈ ಬಾರದೆ ಹೆಂಗಸರು ಗಂಜಿ ಕಾಯಿಸಿದರು. ತೆಂಗಿನ ಮರಗಳಲ್ಲಿ ಕಾಯಿ ಬಲಿತು ತಾವಾಗಿಯೇ ಬಿದ್ದವು, ಹತ್ತುವವರಿರಲಿಲ್ಲ. ದೊಡ್ಡವರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು.

ಪಂಚಾಯಿತಿಯ ಸ್ಥಿತಿಯೂ ಹಾಗೆಯೇ ಆಯಿತು. ಜನ ಬಾರದೆ ಸಂತೆ ಕಟ್ಟಲಿಲ್ಲ. ಸಂತೆಯ ಸುಂಕವನ್ನು ಹರಾಜಿನಲ್ಲಿ ಹಿಡಿದವನು ಕಂತು ಕಟ್ಟುವುದಿಲ್ಲವೆಂದ. ಮನೆಗಂದಾಯ ವಸೂಲಿಗೆ ಹೋಗಬೇಕಾದ ಬಿಲ್ ಕಲೆಕ್ಟರನೇ ಚಾಪೆ ಹಿಡಿದಿದ್ದ. ಬರುವುದು ನಿಂತ ಹೊತ್ತಿನಲ್ಲೇ ಹೋಗುವುದು ಹೆಚ್ಚಿತು: ಸೊಳ್ಳೆಗೆ ಹೊಗೆ ಹೊಡೆಯುವ ಯಂತ್ರದ ಬಾಡಿಗೆ, ಡೀಸೆಲ್, ಔಷಧಿ, ಚರಂಡಿ ಎತ್ತುವವರ ಕೂಲಿ, ಎದ್ದು ನಿಲ್ಲಲಾರದವರನ್ನು ಹಾಸನಕ್ಕೆ ಸಾಗಿಸುವ ಜೀಪು. ಮೇಲಿನ ಕಚೇರಿಯಿಂದ ಬಂದ ಉತ್ತರವನ್ನು ಗೌಡರು ನನಗೆ ತೋರಿಸಿದರು. ಸದ್ಯಕ್ಕೆ ಪಂಚಾಯಿತಿಯ ನಿಧಿಯಿಂದಲೇ ಭರಿಸತಕ್ಕದ್ದು, ಅನಂತರ ಮರುಪಾವತಿ ಮಾಡಲಾಗುವುದು, ಎಂದಿತ್ತು. ಎಷ್ಟು, ಯಾವಾಗ ಎಂಬುದಿರಲಿಲ್ಲ.

ಆಗ ಪಂಚಾಯಿತಿಯ ಖಾತೆಯಲ್ಲಿ ಕೈಗೆ ಸಿಗುವಂತೆ ಉಳಿದಿದ್ದ ಹಣ ಒಂದೇ. ಕಾನೂನಿನ ಪ್ರಕಾರ ಪರಿಶಿಷ್ಟರ ಕೆಲಸಕ್ಕಾಗಿಯೇ ತೆಗೆದಿಟ್ಟದ್ದು. ಕಾಲೊನಿಗೆ ನಲ್ಲಿ ಹಾಕಿಸಲು ವರ್ಷ ವರ್ಷವೂ ಕೂಡಿಸಿದ್ದು. ಊರಿನ ಉಳಿದೆಲ್ಲ ಬೀದಿಗಳಿಗೂ ನಲ್ಲಿ ಇತ್ತು. ಕಾಲೊನಿಗೆ ಟ್ಯಾಂಕರು ಬಂದಾಗ ನೀರು. ಆದ್ದರಿಂದ ಪ್ರತಿ ಮನೆಯ ಮುಂದೆಯೂ ಡ್ರಮ್ಮುಗಳು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಬಂದವರಲ್ಲಿ ಅರ್ಧದಷ್ಟು ಜನ ಕೋಲು ಹಿಡಿದಿದ್ದರು. ಆಗ ಅಧ್ಯಕ್ಷರಾಗಿದ್ದ ಗೌಡರು ಬಾಯಿ ತೊಳೆದುಕೊಂಡು, ನಲ್ಲಿಯ ಹಣವನ್ನು ಜ್ವರದ ಖರ್ಚಿಗೆ ಬಳಸುವ ವಿಷಯ ಮಂಡಿಸಿದರು. ಎದ್ದು ಉತ್ತರ ಕೊಟ್ಟವರು ಕಾಲೊನಿಯ ಸುಜಾತಾ. ಬೇಲೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವರು. ಅವರ ತಾಯಿ ಪುಟ್ಟತಾಯಮ್ಮ ಆಗ ಮಗ್ಗುಲು ಬದಲಿಸಲಾರದೆ ಮಲಗಿದ್ದರು.

"ಗೌಡ್ರೇ, ಈ ಸೊಳ್ಳೆ ಚರಂಡೀಲಿ ಹುಟ್ಟಲ್ಲ, ತಿಳಿನೀರಲ್ಲಿ ಹುಟ್ಟುತ್ತೆ. ನಮ್ಮ ಡ್ರಮ್ಮುಗಳಲ್ಲಿ. ನಲ್ಲಿ ಇಲ್ಲ ಅಂತ ಡ್ರಮ್ ಇಟ್ಟಿದ್ದೀವಿ. ನೀವು ನಲ್ಲಿ ದುಡ್ಡು ತಗೊಂಡು ಹೊಗೆ ಬಿಡ್ತೀನಿ ಅಂತೀರಿ. ಹೊಗೆ ಹಾರಿಹೋದ್ಮೇಲೆ?"

ಪೇಟೆ ಬೀದಿಯ ಸದಸ್ಯರೊಬ್ಬರು, "ಜನ ಸಾಯ್ತಾ ಕೂತವ್ರೆ, ಈಯಮ್ಮಂಗೆ ಪಾಠ ಮಾಡೋ ಹೊತ್ತು" ಎಂದರು.

ಗೌಡರು ಅವರತ್ತ ತಿರುಗಿ, "ನೀ ಸುಮ್ಕಿರಲಾ" ಎಂದು ಗದರಿಸಿ, ಸುಜಾತಾ ಅವರ ಮುಂದೆ ಬಂದು ನಿಂತರು. "ನೀ ಹೇಳೋದು ದಿಟ ಕಣವ್ವ. ಆದ್ರೆ ಪೈಪು ಹೂಳೋಕೆ ಆಳು ಬೇಕು, ಆಳೆಲ್ಲ ಮಲಗವ್ರೆ. ಇವತ್ತು ಜೀಪಿಗೆ ಡೀಸೆಲ್ ಬೇಕು. ಇದನ್ನ ನಾನು ತಗಳಾಕಿಲ್ಲ, ನಿಮ್ ಬೀದಿಯಿಂದ ಸಾಲ ಇಸ್ಕೋತೀನಿ. ಮೇಲಿಂದ ಬಂದ ಮೊದಲ ದುಡ್ಡು ನಿಮ್ ನಲ್ಲಿಗೆ. ಬಾಯಿ ತೊಳೆದು ಹೇಳ್ತಾ ಇವ್ನಿ."

ಸುಜಾತಾ ತಮ್ಮ ಬೀದಿಯ ಹೆಂಗಸರ ಮುಖಗಳನ್ನು ನೋಡಿದರು. ಆಮೇಲೆ, "ಈ ಮಾತನ್ನ ಮೈಕಲ್ಲಿ ಹೇಳಿ ಗೌಡ್ರೇ. ಎಲ್ಲಾ ಬೀದೀಲೂ ಹೇಳಿ" ಎಂದರು.

ಆ ಸಂಜೆಯೇ ಅವರು ಹೇಳಿದರು. ಪೇಟೆ ಬೀದಿಯಲ್ಲಿಯೂ ಹೇಳಿದರು, ನಾನೇ ಕೇಳಿದ್ದೇನೆ. ಆ ದಿನಗಳಲ್ಲಿ ಅವರು ದುಡಿದ ರೀತಿಯನ್ನು ಮರೆಮಾಚುವುದು ಅನ್ಯಾಯ. ಮಂಡಿ ಊದಿಕೊಂಡಿದ್ದರೂ ಹೊಗೆ ಯಂತ್ರದವನ ಜೊತೆ ಬೀದಿ ಸುತ್ತಿದರು. ಪುಟ್ಟತಾಯಮ್ಮನವರನ್ನು ಜೀಪಿಗೆ ಹತ್ತಿಸುವಾಗ ತಾವೇ ತೋಳು ಕೊಟ್ಟರು. "ಗೌಡ್ರು ನಮ್ಮನೆ ಮಗನ ಹಂಗೆ ಎತ್ಕೊಂಡ್ರು" ಎಂದು ಆಕೆ ನನ್ನೆದುರು ಕಣ್ಣು ಒರೆಸಿಕೊಂಡದ್ದುಂಟು.

ಜ್ವರ ಇಳಿಯಿತು, ಕೀಲುಗಳ ನೋವು ಮಾತ್ರ ಉಳಿಯಿತು. ಮೇಲಿನ ಹಣ ಬಂದದ್ದು ಮುಂದಿನ ವರ್ಷ, ಕೇಳಿದ್ದಕ್ಕಿಂತ ಬಹಳ ಕಡಿಮೆ. ಆದರೂ ನಲ್ಲಿಗೆ ಸಾಕಾಗುವಷ್ಟಿತ್ತು. ಬಂದಿದೆಯೆಂಬ ಸುದ್ದಿ ಆಟೋಗಿಂತ ಮೊದಲೇ ಊರಿನಲ್ಲಿ ಹರಡಿತು. ತಿಂಗಳ ಕೊನೆಯ ಸಂಜೆ ನಾನು ಕಾಲೊನಿಯಲ್ಲಿ, ಸುಜಾತಾ ಅವರ ಮನೆಯಲ್ಲಿದ್ದೆ. ಪುಟ್ಟತಾಯಮ್ಮ ಬಾಗಿಲಿಗೆ ಒರಗಿ ಕುಳಿತಿದ್ದರು. ಬೀದಿಯವರೆಲ್ಲ ಹೊರಗೆ ನಿಂತಿದ್ದರು. ಯಾರೋ ಒಬ್ಬರು ನಲ್ಲಿ ತಮ್ಮ ಮನೆಯ ಮುಂದೆ ಬರಬೇಕೆಂದು, ಇನ್ನೊಬ್ಬರು ತಮ್ಮ ಮನೆಯ ಮುಂದೆ ಎಂದು ತಮಾಷೆಗೆ ಜಗಳವಾಡುತ್ತಿದ್ದರು.

ಮೈಕಿನ ದನಿ ಆ ದಿನ ಮೊದಲು ಕೇಳಿದ್ದು ಪೇಟೆ ಬೀದಿಯಿಂದ. ಕಾಲೊನಿಯನ್ನು ಕೊನೆಗೆ ಇಟ್ಟುಕೊಂಡಿದ್ದಾರೆ, ಸಿಹಿಸುದ್ದಿಯಲ್ಲವೇ, ಎಂದು ನಾನೇ ಸಮಾಧಾನ ಹೇಳಿದೆ. ದನಿ ಹತ್ತಿರವಾಯಿತು. ಬಂದದ್ದು ಇಷ್ಟು ಎಂಬುದು ಸ್ಪಷ್ಟವಾಗಿ ಕೇಳಿಸಿತು. ಬಳಿಕ, ಪೇಟೆ ಬೀದಿಯ ಕಾಂಕ್ರೀಟು ಚರಂಡಿಗೆ ಇಷ್ಟು. ಅರಳಿಕಟ್ಟೆಯ ಬಳಿ ಮೈಕು ನಿಂತಿತು. ಆಟೋದ ಇಂಜಿನ್ನಿನ ಸದ್ದು ಮಾತ್ರ ಉಳಿಯಿತು. ಅದು ಒಮ್ಮೆ ಜೋರಾಗಿ, ತಿರುಗಿ, ದೂರವಾಗುತ್ತ ಹೋಯಿತು.

ಪುಟ್ಟತಾಯಮ್ಮನಿಗೆ ಮಾತ್ರ ಅರ್ಥವಾಗಿರಲಿಲ್ಲ. "ಯಾಕವ್ವ, ಗಾಡಿ ಕೆಡ್ತಾ?" ಎಂದು ಮಗಳನ್ನು ಕೇಳಿದರು.

ಮರುದಿನ ಬೆಳಿಗ್ಗೆ ನಾನು ಗೌಡರ ಮನೆಗೆ ಹೋದೆ. ಆಗಿದ್ದದ್ದು ಇಷ್ಟು: ಪೇಟೆ ಬೀದಿಯ ಸದಸ್ಯರು ಅವಿಶ್ವಾಸ ನಿರ್ಣಯಕ್ಕೆ ಸಹಿ ಕೂಡಿಸುತ್ತಿದ್ದರು, ಚರಂಡಿ ಆದರೆ ಸಹಿ ಹಿಂದಕ್ಕೆ ಎಂದಿದ್ದರು. ಗೌಡರು ಒಂದು ರೂಪಾಯಿಯನ್ನೂ ತಮಗಾಗಿ ಮುಟ್ಟಿರಲಿಲ್ಲ. ಮುಟ್ಟಿದ್ದರೆ ಕಳ್ಳರೆಂದು ಕರೆದು ಎದ್ದುಬರುವುದು ನನಗೆ ಸುಲಭವಾಗುತ್ತಿತ್ತು.

"ಕಾಲೊನಿಯ ಹಣ ಏನಾಯಿತು ಗೌಡರೇ?" ಎಂದು ಕೇಳಿದೆ.

"ಮುಂದಿನ್ ಸಲಕ್ಕೆ ಹಾಕವ ಸಾರ್. ಕುರ್ಚಿ ಇದ್ರೆ ತಾನೇ ಕೊಡೋದು? ನಾ ಹೋದ್ರೆ ಬರೋನು ಅವ್ರಿಗೆ ಚೂರೂ ಕೊಡಾಕಿಲ್ಲ. ಅವ್ರು ಓದಿದ ಜನ, ಅರ್ಥ ಮಾಡ್ಕೋತಾರೆ."

ನಾನು ಆ ಮಾತಿಗಿಂತ ಹೆಚ್ಚಾಗಿ ಅವರ ಮುಖವನ್ನು ನೋಡುತ್ತಿದ್ದೆ. ಎಡಗೆನ್ನೆ ಉಬ್ಬಿತ್ತು. ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿಕೊಂಡು ಊರಿನ ದುಡ್ಡಿನ ಮಾತಾಡುತ್ತಿದ್ದರು. ಚೊಂಬು ಕೈಗೆಟುಕುವ ಹಾಗೆ ಪಕ್ಕದಲ್ಲೇ ಇತ್ತು.

ಅವರ ಮನೆಗೆ ನಾನು ಮತ್ತೆ ಹೋಗಲಿಲ್ಲ, ಅವರು ನನ್ನಲ್ಲಿಗೆ ಬರಲಿಲ್ಲ. ಅವಿಶ್ವಾಸ ನಿರ್ಣಯ ಬಾರದೆ ಅವರು ಅವಧಿ ಮುಗಿಸಿದರು. ಮುಂದಿನ ಸಲವೆಂಬುದು ಬರಲಿಲ್ಲ; ಆಮೇಲಿನ ಹಣದಲ್ಲಿ ಪಂಚಾಯಿತಿಯ ವಿದ್ಯುತ್ ಬಾಕಿಯನ್ನು ಮೇಲಿನ ಕಚೇರಿಯವರೇ ಮುರಿದುಕೊಂಡರೆಂದು ಕೇಳಿದೆ. ಲೆಕ್ಕ ಸಾರುವುದೂ ನಿಂತುಹೋಯಿತು. ಯಾರೂ ನಿಲ್ಲಿಸಿ ಎನ್ನಲಿಲ್ಲ. ಕಾಲೊನಿಗೆ ಹೋಗದೆ ಉಳಿದ ಬೀದಿಗಳಿಗೆ ಹೋಗಲು ಅವರಿಗೆ ಆಗಲಿಲ್ಲವೋ, ಅಥವಾ ಮಂಜಣ್ಣ ಹೇಳುವಂತೆ ಮೈಕು ಕೆಟ್ಟಿತ್ತೋ, ಖಚಿತವಾಗಿ ಬರೆಯಲು ನನ್ನಲ್ಲಿ ಆಧಾರವಿಲ್ಲ.

ಒಮ್ಮೆ ಮಾತ್ರ ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಎದುರಾದರು. ಮೈ ಇಳಿದುಹೋಗಿತ್ತು. ನನ್ನನ್ನು ಕಂಡೊಡನೆ ಬಾಯಲ್ಲಿದ್ದುದನ್ನು ಉಗುಳಿ, ಕೊಳಾಯಿಯ ಬಳಿಗೆ ಹೋಗಿ ಮುಕ್ಕಳಿಸಿ, ಟವೆಲಿನಿಂದ ತುಟಿ ಒರೆಸಿಕೊಂಡು ಬಂದರು. ನಾನು ಕಾದೆ. ಈಗ ಹೇಳುತ್ತಾರೆ ಎಂದು ನಿಜವಾಗಿಯೂ ಕಾದೆ.

"ಜಾವಗಲ್ ಬಸ್ಸು ಹೋಯ್ತಾ ಸಾರ್?" ಎಂದರು.

ಹೋಯಿತೆಂದೆ.

ಅವರು ತೀರಿಕೊಂಡ ದಿನ ಸುದ್ದಿ ಸಾರಲು ಮಂಜಣ್ಣನ ಆಟೋವನ್ನೇ ತಂದರು. ಅಷ್ಟು ಕಾಲದ ಮೇಲೆ ಕಹಳೆ ಮತ್ತೆ ಕಟ್ಟಿದ್ದರು. ಮಂಜಣ್ಣ ಅಳುತ್ತಲೇ ಮೈಕು ಹಿಡಿದಿದ್ದ; ಗೌಡರ ಕಾಲದ ರೂಢಿಯಂತೆ ಮೊದಲು ತಿರುಗಿಸಿದ್ದು ಕಾಲೊನಿಗೆ. ನಾನೂ ಹಿಂದೆ ನಡೆದು ಹೋದೆ. ಅರಳಿಕಟ್ಟೆ ದಾಟಿ ಆಟೋ ಒಳಗೆ ಬಂದಾಗ ಸುಜಾತಾ ಮನೆಯ ಮುಂದೆ ಟ್ಯಾಂಕರಿನ ನೀರನ್ನು ಡ್ರಮ್ಮಿಗೆ ತುಂಬಿಸುತ್ತಿದ್ದರು. ಮೈಕಿನ ಮಾತು ಮುಗಿಯುವವರೆಗೆ ತಲೆಯ ಮೇಲೆ ಸೆರಗು ಹೊದ್ದು, ಕೈಕಟ್ಟಿ ನಿಂತರು.

"ಮಣ್ಣಿಗೆ ಬರುತ್ತೀರಾ ಸುಜಾತಾ?" ಎಂದು ಕೇಳಿದೆ.

"ಬರ್ತೀನಿ ಸಾರ್. ಅಮ್ಮನ್ನ ಎತ್ತಿ ಜೀಪಿಗೆ ಹತ್ತಿಸಿದ್ರಲ್ಲ." ಆಟೋದ ಕಡೆ ನೋಡಿ ಅಂದರು, "ಇವತ್ತಾದ್ರೂ ಕಟ್ಟೆ ದಾಟಿ ಬಂತು."

ಆಮೇಲೆ ಡ್ರಮ್ಮಿನ ಬಾಯಿಗೆ ಹಳೆಯ ಸೀರೆಯ ತುಂಡನ್ನು ಹರಡಿ, ಸೊಳ್ಳೆ ಹೋಗದಂತೆ ಸುತ್ತಲೂ ದಾರ ಬಿಗಿದು ಕಟ್ಟಿ, ಚಪ್ಪಲಿ ಹಾಕಿಕೊಂಡು ನನ್ನ ಜೊತೆ ಹೊರಟರು.