ಅಕ್ಕನ ತಲೆಯ ಫಿಲ್ಮು

ಮೊನ್ನೆ ಕಪಾಟಿನ ಮೇಲಿನ ಧೂಳು ಹೊಡೆಯುವಾಗ ಅಕ್ಕನ ತಲೆಯ ಎಂಆರ್‌ಐ ಫಿಲ್ಮು ಸಿಕ್ಕಿತು. ನಿಮ್ಮ ಮನೆಯಲ್ಲೂ ಇಂಥದೊಂದು ದೊಡ್ಡ ಕವರು ಇದ್ದೀತು; ಕಾಲ ಎಷ್ಟು ಕಳೆದರೂ ಇವನ್ನು ಎಸೆಯಲು ನಮಗೆ ಕೈ ಬರುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ. ಹೂಕೋಸು ಸೀಳಿಟ್ಟಂತೆ ಸಾಲು ಸಾಲು ಮೆದುಳು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಅಕ್ಕ ಶಾಲೆ ಬಿಟ್ಟು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅಪ್ಪನ ಜೊತೆ ನಿಂತಿದ್ದಕ್ಕೆ ನಾನು ಕಾಲೇಜು ಕಂಡೆ. ಅವಳು ಮದುವೆಯಾಗಿ ಹರಿಹರಕ್ಕೆ ಹೋದರೆ ಅಲ್ಲೂ ಭಟ್ಟಿಯೇ. ಹೊಗೆಯ ನಡುವೆಯೂ ಎಲ್ಲರನ್ನೂ ಗೇಲಿ ಮಾಡುತ್ತಿದ್ದ ಹೆಂಗಸು ಒಂದು ವರ್ಷ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ತಲೆ ಬಾಚಿಕೊಳ್ಳಲೂ ಕೈ ಎತ್ತುತ್ತಿರಲಿಲ್ಲ. ತಲೆನೋವೂ ಇದ್ದುದರಿಂದ ಡಾಕ್ಟರಮ್ಮ ಸ್ಕ್ಯಾನ್ ಬರೆದುಕೊಟ್ಟರು.

ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಓದಿದವಳು ನಾನಿರುವಾಗ ಡಾಕ್ಟರಮ್ಮ ಹೇಳುವವರೆಗೆ ಕಾಯುವುದೇಕೆ? ಸ್ಕ್ಯಾನ್ ಮಾಡಿಸಿಕೊಂಡು ಅಕ್ಕನ ಜೊತೆ ಹಿಂದಿರುಗುವಾಗ ಹರಿಹರದ ಬಸ್ಸಿನಲ್ಲೇ ತೀರ್ಪು ಕೊಟ್ಟೆ: "ಎಲ್ಲಾ ನಾರ್ಮಲ್ ಐತೆ. ಅಕ್ಕಗೇನೂ ಆಗಿಲ್ಲ."

"ಹಂಗಾರೆ ಮೈಗಳ್ಳತನ," ಎಂದರು ಪಕ್ಕದಲ್ಲಿದ್ದ ಅವಳ ಅತ್ತೆ. "ನಾಳೆಯಿಂದ ಭಟ್ಟಿಗೆ ಬಾರವ್ವ."

ಅಕ್ಕ ನನ್ನನ್ನೇ ನೋಡಿದಳು. "ನೀನೂ ಹಂಗೇ ಅಂತೀಯೇನೇ?"

ನಾನು ಕಿಟಕಿಯಾಚೆ ನೋಡಿದೆ.

ಮರುವಾರ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಕ್ಕನಿಗೆ ಹೇಳಿದರು: "ನಾರ್ಮಲ್ ಅಂದ್ರೆ ಗಡ್ಡೆ ಗಿಡ್ಡೆ ಇಲ್ಲ ಅಂತ ಅಷ್ಟೇ ಅರ್ಥ. ನಿಮಗಿರೋದು ಖಿನ್ನತೆ, ಖರೇ ಕಾಯಿಲೆ. ಬಹಳ ಜನರ ಮೆದುಳು ಹೋಲಿಸಿದಾಗ, ಖಿನ್ನತೆ ಇದ್ದೋರಲ್ಲಿ ನೆನಪಿಗೆ ಬೇಕಾದ ಮೆದುಳಿನ ಒಂದು ಭಾಗ ಸರಾಸರಿ ತುಸು ಸಣ್ಣದಾಗಿ ಕಂಡೈತೆ. ಅಷ್ಟು ಸಣ್ಣ ಫರಕು ಒಬ್ಬರ ಫಿಲ್ಮಿನಾಗೆ ಹಿಡಿಯಾಕಾಗಲ್ಲ."

ಅರ್ಧ ಅರ್ಥವಾದರೂ ನಾನು ಪೂರ್ತಿ ತಲೆಯಾಡಿಸಿದೆ. ಅಕ್ಕ ಎಷ್ಟೋ ತಿಂಗಳ ಮೇಲೆ ಉದ್ದಕ್ಕೆ ಮಾತಾಡಿದಳು: "ನಮ್ಮ ಭಟ್ಟಿಯಾಗೆ ಮಂಡಕ್ಕಿ ಹುರಿಯೋ ಉಸುಕಿದ್ದಂಗೆ ಅನ್ರಿ. ಕಾದಿದ್ದೂ ಆರಿದ್ದೂ ನೋಡಾಕೆ ಒಂದೇ. ಹಿಡಿ ಅಕ್ಕಿ ಹಾಕಿದ್ರೆ ಗೊತ್ತಾಗೋದು, ಅರಳುತ್ತೋ ಇಲ್ಲೋ ಅಂತ."

ಮಾತ್ರೆ, ಮಾತು, ಬಹಳ ದಿನ. ಮೆಲ್ಲಗೆ ಎದ್ದಳು. ಈಗಲೂ ಕೆಲವು ವಾರ ಕುಸಿಯುತ್ತಾಳೆ. ನಾನು ಮಾತ್ರ ಬಸ್ಸಿನ ಮಾತನ್ನು ಇಷ್ಟು ವರ್ಷ ಎತ್ತಿರಲಿಲ್ಲ. ಫಿಲ್ಮು ಕೈಯಲ್ಲಿರುವಾಗಲೇ ಫೋನ್ ಹಚ್ಚಿದೆ.

"ಅಕ್ಕಾ, ಅವತ್ತು ಬಸ್ಸಿನಾಗೆ ನಾನು ಹೇಳಿದ್ದು ತಪ್ಪು. ನಿನಗೆ ಖರೇನೇ ಕಾಯಿಲೆ ಆಗಿತ್ತು."

ಅತ್ತ ಭಟ್ಟಿಯ ಸದ್ದಿನ ನಡುವೆ ಅಕ್ಕನ ದನಿ.

"ತಡಿ," ಎಂದಳು. "ಅತ್ತೆ ಇಲ್ಲೇ ಅದಾರೆ. ಸ್ಪೀಕರ್ ಹಾಕ್ತೀನಿ. ಇನ್ನೊಂದ್ಸಲ ಹೇಳು."

ಹೇಳಿದೆ. ಈ ಸಲ ನಿಧಾನವಾಗಿ.